ನಗರದ ಕೆರೆದಂಡೆಯ ಚಿತ್ರಗಳಲ್ಲಿ ಭಾವ ಮತ್ತು ವಾತಾವರಣ

ನಗರದ ಕೆರೆ, ಹೊಳೆ ಅಥವಾ ಕಡಲ ದಂಡೆಯನ್ನು ವಸ್ತುವಾಗಿ ಉಳ್ಳ ಚಿತ್ರದಲ್ಲಿ ಗಾಳಿ, ಬೆಳಕು, ತೇವ ಮತ್ತು ದೂರಗಳು ಕಾಣಿಸಿಕೊಳ್ಳುವ ರೀತಿಯನ್ನು ವಾತಾವರಣ ಎಂದೂ, ಅದರಿಂದ ನೋಡುವವರ ಮನಸ್ಸಿನಲ್ಲಿ ನೆಲೆಗೊಳ್ಳುವ ಸ್ಥಿತಿಯನ್ನು ಭಾವ ಎಂದೂ ಕರೆಯಲಾಗುತ್ತದೆ. ವಾತಾವರಣ ಚಿತ್ರದ ಮೇಲ್ಮೈಯಲ್ಲೇ ಗುರುತಿಸಬಹುದಾದ ಸಂಗತಿ. ಭಾವ ಅದರ ಪರಿಣಾಮ. ಒಂದೇ ಏರಿ, ಒಂದೇ ನೀರು, ಒಂದೇ ಗುಡಿಯ ಗೋಪುರ ಮುಂಜಾನೆಯ ಮಂಜಿನಲ್ಲಿ ನೆಮ್ಮದಿಯನ್ನೂ ಮಳೆ ಮೋಡದ ಕೆಳಗೆ ಆತಂಕವನ್ನೂ ಮೂಡಿಸುವುದು ಈ ಎರಡರ ಸಂಬಂಧದಿಂದ.

ದೊಡ್ಡ ನದಿಯೂ ಕಡಲೂ ಇಲ್ಲದ ಬೆಂಗಳೂರಿನಲ್ಲಿ ನೀರದಂಡೆ ಎಂದರೆ ಕೆರೆಯ ದಂಡೆ. ಆದ್ದರಿಂದ ಈ ಲೇಖನದಲ್ಲಿ ಬೆಂಗಳೂರು, ಅದರಲ್ಲೂ ಬೊಮ್ಮನಹಳ್ಳಿಯ ಸುತ್ತಿನ ಕೆರೆಗಳ ಸೀಮೆ ಮುಖ್ಯ ಉದಾಹರಣೆಯಾಗಿದೆ. ಕರ್ನಾಟಕದ ಇತರ ಊರುಗಳು ಮತ್ತು ಬೇರೆ ನಾಡುಗಳ ಪರಂಪರೆಗಳನ್ನು ಹೋಲಿಕೆಗೆ ಬೇಕಾದಷ್ಟು ಮಾತ್ರ ಪರಿಗಣಿಸಲಾಗಿದೆ.

ಪರಿಭಾಷೆ

ಚಿತ್ರದ ಬಣ್ಣವೊಂದರ ತಿಳಿ-ಗಾಢಗಳ ಮಟ್ಟಕ್ಕೆ ಛಾಯೆ ಎಂಬ ಹೆಸರಿದೆ. ನೋಡುವವರಿಗೆ ಹತ್ತಿರದ, ಮಧ್ಯದ ಮತ್ತು ದೂರದ ಭಾಗಗಳು ಕ್ರಮವಾಗಿ ಮುನ್ನೆಲೆ, ನಡುನೆಲೆ, ಹಿನ್ನೆಲೆ. ದೂರ ಹೆಚ್ಚಿದಂತೆ ವಸ್ತುಗಳ ಅಂಚು ಮಾಸುತ್ತ, ಬಣ್ಣ ತಿಳಿಯಾಗುತ್ತ, ನೀಲಿಯ ಕಡೆಗೆ ಹೊರಳುವುದನ್ನು ತೋರಿಸುವ ಕ್ರಮಕ್ಕೆ ವಾಯುಮಂಡಲ ಪರಿಪ್ರೇಕ್ಷ್ಯ ಎನ್ನುತ್ತಾರೆ. ಭಾರತೀಯ ಕಾವ್ಯಮೀಮಾಂಸೆಯ ರಸ ಎಂಬ ಪದವನ್ನು ಚಿತ್ರಕ್ಕೂ ಬಳಸುವುದುಂಟು. ಇಲ್ಲಿ ಅದು ಶೃಂಗಾರ, ಕರುಣ, ಶಾಂತ ಮೊದಲಾದ ಶಾಸ್ತ್ರೋಕ್ತ ಅರ್ಥದಲ್ಲಿ ಮಾತ್ರ ಬಳಕೆಯಾಗಿದೆ.

ಕೆರೆಯ ಭಾಗಗಳಿಗೆ ಕನ್ನಡದಲ್ಲಿ ನಿಖರವಾದ ಹೆಸರುಗಳಿವೆ. ನೀರನ್ನು ತಡೆದು ನಿಲ್ಲಿಸುವ ಮಣ್ಣಿನ ಕಟ್ಟೆ ಏರಿ. ಹೆಚ್ಚಾದ ನೀರು ಹರಿದು ಹೋಗುವ ಜಾಗ ಕೋಡಿ. ಗದ್ದೆಗೆ ನೀರು ಬಿಡುವ ಕಿಂಡಿ ತೂಬು. ನೀರು ಹರಡಿ ನಿಲ್ಲುವ ತಗ್ಗು ನೆಲ ಕೆರೆಯಂಗಳ. ಒಂದು ಕೆರೆಯಿಂದ ಮತ್ತೊಂದಕ್ಕೆ ಮಳೆನೀರು ಒಯ್ಯುವ ದೊಡ್ಡ ಕಾಲುವೆ ರಾಜಕಾಲುವೆ. ಕೆರೆಯ ಚಿತ್ರವನ್ನು ಓದಲು ಈ ಪದಗಳು ಬೇಕೇಬೇಕು: ಏರಿಯ ಮೇಲೆ ನಿಂತು ಬರೆದ ಚಿತ್ರಕ್ಕೂ ಕೆರೆಯಂಗಳದ ಕಡೆಯಿಂದ ಬರೆದ ಚಿತ್ರಕ್ಕೂ ದಿಗಂತ, ಬೆಳಕು, ಪ್ರತಿಬಿಂಬ ಮೂರೂ ಬೇರೆಯಾಗುತ್ತವೆ.

ಶಾಸ್ತ್ರಗ್ರಂಥಗಳಲ್ಲಿ ಭಾವ

ಭಾರತದ ಚಿತ್ರಶಾಸ್ತ್ರದಲ್ಲಿ ಹೊತ್ತು, ಋತು ಮತ್ತು ನೀರಿನ ಚಿತ್ರಣಕ್ಕೆ ವಿವರವಾದ ಸೂಚನೆಗಳಿವೆ. ವಿಷ್ಣುಧರ್ಮೋತ್ತರ ಪುರಾಣದ ಮೂರನೆಯ ಖಂಡದಲ್ಲಿರುವ ಚಿತ್ರಸೂತ್ರವು ನೀರನ್ನು ಮೀನು, ಆಮೆ, ತಾವರೆಗಳ ಮೂಲಕ, ಸಂಜೆಯನ್ನು ಕೆಂಪು ಬಾನು ಮತ್ತು ಸಂಧ್ಯಾವಂದನೆಯ ಮೂಲಕ, ಬೆಳಗನ್ನು ಮಂಕಾದ ದೀಪ ಮತ್ತು ಕೂಗುವ ಕೋಳಿಯ ಮೂಲಕ ತೋರಿಸಲು ಹೇಳುತ್ತದೆ. ಅಲೆ, ಬೆಂಕಿಯ ನಾಲಗೆ, ಹೊಗೆ, ಬಾವುಟಗಳನ್ನು ಗಾಳಿಯ ನಡೆಗೆ ತಕ್ಕಂತೆ ಬರೆಯಬಲ್ಲವನನ್ನೇ ಅದು ಚಿತ್ರ ಬಲ್ಲವನೆಂದು ಮನ್ನಿಸುತ್ತದೆ. ಅದೇ ಗ್ರಂಥ ಒಂಬತ್ತು ರಸಗಳನ್ನು ಚಿತ್ರಕ್ಕೂ ಅನ್ವಯಿಸಿ, ವಾಸದ ಮನೆಗಳಲ್ಲಿ ಶೃಂಗಾರ, ಹಾಸ್ಯ, ಶಾಂತ ರಸಗಳ ಚಿತ್ರಗಳಷ್ಟೇ ಇರಬೇಕೆಂದೂ ಉಳಿದವು ದೇವಾಲಯ ಮತ್ತು ರಾಜಸಭೆಗೆ ಸಲ್ಲುತ್ತವೆಂದೂ ವಿಧಿಸುತ್ತದೆ. ಚಿತ್ರವೊಂದು ತಾನಿರುವ ಕೋಣೆಯ ಮನಃಸ್ಥಿತಿಯನ್ನು ಬದಲಿಸುತ್ತದೆ ಎಂಬ ತಿಳಿವಳಿಕೆ ಇದರ ಹಿಂದಿದೆ.

ಕನ್ನಡ ನಾಡಿಗೆ ನೇರವಾಗಿ ಸೇರಿದ ಗ್ರಂಥ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸ. ಅಭಿಲಷಿತಾರ್ಥ ಚಿಂತಾಮಣಿ ಎಂಬ ಹೆಸರೂ ಉಳ್ಳ ಇದು ಸುಮಾರು 1130ರಲ್ಲಿ ರಚಿತವಾಯಿತು. ಇದರ ಚಿತ್ರವಿಭಾಗವು ವಿದ್ಧ, ಅವಿದ್ಧ, ಭಾವ, ರಸ, ಧೂಳಿ ಎಂಬ ಪ್ರಭೇದಗಳನ್ನು ಹೇಳುತ್ತದೆ. ಅಲ್ಲಿ ಭಾವಚಿತ್ರವೆಂದರೆ ನೋಡಿದ ಮಾತ್ರಕ್ಕೆ ಶೃಂಗಾರಾದಿ ರಸಗಳನ್ನು ಉಂಟುಮಾಡುವ ಚಿತ್ರ. ರಸಚಿತ್ರ ಎಂಬಲ್ಲಿ ಮಾತ್ರ ರಸ ಎಂದರೆ ದ್ರವ; ಅದು ದ್ರವರೂಪದ ಬಣ್ಣದಿಂದ ಬರೆದದ್ದು. ಧೂಳಿಚಿತ್ರವೆಂದರೆ ಬಣ್ಣದ ಪುಡಿಯಿಂದ ಹಾಕಿದ್ದು. ಹೋಲಿಕೆಯನ್ನು ಆಧರಿಸಿದ ವಿದ್ಧಚಿತ್ರದಿಂದ ಭಾವವನ್ನು ಆಧರಿಸಿದ ಚಿತ್ರವನ್ನು ಹನ್ನೆರಡನೆಯ ಶತಮಾನದಲ್ಲೇ ಬೇರ್ಪಡಿಸಿದ ಈ ವಿಂಗಡಣೆ ಇಂದಿನ ಚರ್ಚೆಗೂ ಒದಗಿಬರುವಷ್ಟು ಸ್ಪಷ್ಟವಾಗಿದೆ.

ಈ ಗ್ರಂಥಗಳಲ್ಲಿ ಭಾವ ಹುಟ್ಟುವುದು ಮುಖ್ಯವಾಗಿ ಗುರುತುಗಳಿಂದ. ಕೋಳಿ ಇದ್ದರೆ ಬೆಳಗು, ಮೀನಿದ್ದರೆ ನೀರು. ಗಾಳಿಯ ತೇವ, ಬೆಳಕಿನ ಮಬ್ಬುಗಳನ್ನೇ ವಸ್ತುವಾಗಿಸುವ ಕ್ರಮ ನಮ್ಮಲ್ಲಿ ಬೇರೂರಿದ್ದು ಬಹಳ ತಡವಾಗಿ.

ಬೇರೆ ನಾಡುಗಳಲ್ಲಿ

ಯೂರೋಪಿನಲ್ಲಿ ವೆನಿಸ್, ಲಂಡನ್, ಲ ಹಾವ್ರ್ ನಗರಗಳ ನೀರದಂಡೆಗಳು ಈ ಬಗೆಯ ಚಿತ್ರಗಳ ತವರು. ಕನಲೆತ್ತೊ (1697–1768) ವೆನಿಸ್ಸಿನ ಕಾಲುವೆಗಳನ್ನು ಕಟ್ಟಡದ ಕಲ್ಲು ಕಲ್ಲೂ ಕಾಣುವಂತೆ ಬರೆದರೆ, ಅದೇ ನಗರವನ್ನು ಬರೆದ ಗ್ವಾರ್ದಿ (1712–1793) ಅಂಚುಗಳನ್ನು ಗಾಳಿಯಲ್ಲಿ ಕರಗಿಸಿದ. ಟರ್ನರ್ (1775–1851) ಥೇಮ್ಸ್ ಮೇಲಿನ ಹೊಗೆ ಮತ್ತು ಸೂರ್ಯಾಸ್ತವನ್ನು ಒಂದಾಗಿಸಿದ. ವಿಸ್ಲರ್ 1870ರ ದಶಕದಲ್ಲಿ ಅದೇ ನದಿಯ ಇರುಳಿನ ದೃಶ್ಯಗಳಿಗೆ ಸಂಗೀತದಿಂದ ‘ನಾಕ್ಟರ್ನ್’ ಎಂಬ ಹೆಸರನ್ನು ಎರವಲು ತಂದ. ಮೊನೆ 1872ರಲ್ಲಿ ಲ ಹಾವ್ರ್ ಬಂದರಿನ ಮುಂಜಾವನ್ನು ಬರೆದ ‘ಇಂಪ್ರೆಶನ್, ಸೂರ್ಯೋದಯ’ ಒಂದು ಇಡೀ ಕಲಾಪಂಥಕ್ಕೆ ಹೆಸರು ಕೊಟ್ಟಿತು. ಜಪಾನಿನ ಹಿರೋಶಿಗೆ 1856–58ರ ನಡುವೆ ಎದೊ ನಗರದ ದೃಶ್ಯಮಾಲೆಯಲ್ಲಿ ಸೇತುವೆಯ ಮೇಲೆ ಸುರಿಯುವ ಮಳೆಯನ್ನು ಬರಿಯ ಓರೆ ಗೆರೆಗಳಿಂದ ಕಟ್ಟಿಕೊಟ್ಟ.

ಕನ್ನಡದ ಕಲಾವಿದರಿಗೆ ಹತ್ತಿರವಾದ ಕೊಂಡಿ ಜಪಾನಿನದು. 1903ರಲ್ಲಿ ಕಲ್ಕತ್ತಕ್ಕೆ ಬಂದ ಯೊಕೊಯಾಮ ತೈಕಾನ್ ಮತ್ತು ಹಿಶಿದ ಶುನ್ಸೊ ಅವರಿಂದ ಅವನೀಂದ್ರನಾಥ ಠಾಕೂರರು ಬಣ್ಣವನ್ನು ತೊಳೆದು ತೊಳೆದು ಮಬ್ಬು ತರುವ ವಾಶ್ ಕ್ರಮದ ಪ್ರೇರಣೆ ಪಡೆದರು. ಅವನೀಂದ್ರನಾಥರ ಶಿಷ್ಯರಲ್ಲಿ ಒಬ್ಬರು ಮೈಸೂರಿನ ಕೆ. ವೆಂಕಟಪ್ಪ.

ಬೆಂಗಳೂರಿನ ನೀರದಂಡೆ

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ದಿಣ್ಣೆಯ ಮೇಲಿದೆ. ಇಲ್ಲಿ ಬಿದ್ದ ಮಳೆ ಹೆಬ್ಬಾಳ, ಕೋರಮಂಗಲ–ಚಲ್ಲಘಟ್ಟ ಮತ್ತು ವೃಷಭಾವತಿ ಎಂಬ ಮೂರು ಕಣಿವೆಗಳ ಕಡೆಗೆ ಇಳಿಯುತ್ತದೆ. ಇಳಿಜಾರಿಗೆ ಅಡ್ಡಲಾಗಿ ಏರಿ ಕಟ್ಟಿ, ಒಂದರ ಕೋಡಿ ಮುಂದಿನದಕ್ಕೆ ಸೇರುವಂತೆ ಕೆರೆಗಳ ಸರಣಿಯನ್ನು ಊರಿನ ಜನ ಶತಮಾನಗಳ ಕಾಲ ಬೆಳೆಸಿದರು. ಬೊಮ್ಮನಹಳ್ಳಿಗೆ ಹತ್ತಿರದ ಮಡಿವಾಳ ಕೆರೆ, ಅದರ ಮುಂದಿನ ಅಗರ ಕೆರೆ, ಬೆಳ್ಳಂದೂರು ಮತ್ತು ವರ್ತೂರು ಕೆರೆಗಳು ಇಂಥ ಒಂದು ಸರಣಿಗೆ ಸೇರಿದವು; ಇವುಗಳ ನೀರು ಕೊನೆಗೆ ದಕ್ಷಿಣ ಪಿನಾಕಿನಿಗೆ ಸೇರುತ್ತದೆ. ಬೊಮ್ಮನಹಳ್ಳಿಯ ದಕ್ಷಿಣಕ್ಕಿರುವ ಬೇಗೂರು ಇನ್ನೂ ಹಳೆಯ ನೆಲೆ: ಗಂಗರ ಕಾಲದ ನಾಗೇಶ್ವರ ದೇಗುಲ, ಪಕ್ಕದಲ್ಲಿ ಕೆರೆ, ಮತ್ತು ‘ಬೆಂಗಳೂರು’ ಎಂಬ ಹೆಸರು ಮೊದಲು ಕಾಣಿಸಿಕೊಳ್ಳುವ, ಸುಮಾರು ಕ್ರಿ.ಶ. 890ರ ವೀರಗಲ್ಲು ಶಾಸನ ಅಲ್ಲಿಯವು.

ಕೆರೆಗಳ ಈ ನಿರ್ಮಾಣಕ್ರಮ ಚಿತ್ರದ ಭಾವವನ್ನು ಮೂರು ರೀತಿಯಲ್ಲಿ ನಿರ್ಧರಿಸುತ್ತದೆ. ನದಿಗೆ ಹರಿವಿದೆ, ಕಡಲಿಗೆ ಅಲೆಯಿದೆ. ಕೆರೆಗೆ ಎರಡೂ ಇಲ್ಲ. ಆದ್ದರಿಂದ ಕೆರೆಯ ಚಿತ್ರದಲ್ಲಿ ಚಲನೆಯನ್ನು ಗಾಳಿ, ಹಕ್ಕಿ, ಮೋಡಗಳೇ ತರಬೇಕು. ಏರಿ ಹೆಚ್ಚು ಕಡಿಮೆ ನೇರವಾದ ಗೆರೆಯಾದ್ದರಿಂದ ಚಿತ್ರಕ್ಕೆ ಒಂದು ದೃಢವಾದ ಅಡ್ಡಗೆರೆ ತಾನಾಗಿ ಸಿಗುತ್ತದೆ, ಎದುರು ದಂಡೆ ಮಾತ್ರ ಅಂಕುಡೊಂಕಾಗಿ ಹರಡಿರುತ್ತದೆ. ಮೂರನೆಯದು, ಕೆರೆ ತುಂಬುತ್ತದೆ, ಬತ್ತುತ್ತದೆ. ಕಾರ್ತಿಕದಲ್ಲಿ ಬರೆದ ಕೆರೆಯೂ ಚೈತ್ರದಲ್ಲಿ ಬರೆದ ಅದೇ ಕೆರೆಯೂ ಎರಡು ಬೇರೆ ಸ್ಥಳಗಳಂತೆ ಕಾಣುವುದು ಸಾಮಾನ್ಯ.

ಜನಪದದಲ್ಲಿ ಕೆರೆಯ ಏರಿ ಬರಿಯ ನೋಟದ ಜಾಗವಲ್ಲ. ಏರಿಯ ಮೇಲೆ ಗಂಗಮ್ಮ, ದುಗ್ಗಮ್ಮರ ಗುಡಿಗಳಿವೆ. ನೀರಿಗಾಗಿ ಸೊಸೆಯನ್ನು ಬಲಿಕೊಟ್ಟ ಕಥೆಯ ‘ಕೆರೆಗೆ ಹಾರ’ ಎಂಬ ಲಾವಣಿ ನಾಡಿನಲ್ಲೆಲ್ಲ ಪ್ರಸಿದ್ಧ. ಬೆಂಗಳೂರಿನ ಕರಗದ ವಿಧಿಗಳು ಸಂಪಂಗಿ ಕೆರೆಯೊಂದಿಗೆ ಹೆಣೆದುಕೊಂಡಿವೆ. ಕೆರೆಯ ಬಹುಪಾಲು ಕಂಠೀರವ ಕ್ರೀಡಾಂಗಣವಾದ ಮೇಲೂ ಒಂದು ಚಿಕ್ಕ ಕೊಳವನ್ನು ಅದಕ್ಕಾಗಿ ಉಳಿಸಿಕೊಳ್ಳಲಾಗಿದೆ. ಕನ್ನಡದ ನೋಡುಗ ಕೆರೆಯ ಚಿತ್ರಕ್ಕೆ ತರುವ ಮನಸ್ಸಿನಲ್ಲಿ ಶಾಂತದ ಜೊತೆಗೆ ಭಕ್ತಿ, ಕರುಣಗಳ ನೆನಪೂ ಬೆರೆತಿರುವುದರಿಂದ, ಥೇಮ್ಸ್ ಅಥವಾ ವೆನಿಸ್ಸಿನ ಚಿತ್ರಗಳ ಅಳತೆಗೋಲಿನಿಂದಷ್ಟೇ ಇವನ್ನು ಅಳೆಯಲಾಗದು.

ಭಾವ ಮೂಡುವ ಬಗೆ

ಬೆಳಕು. ಬೆಂಗಳೂರು ಉತ್ತರ ಅಕ್ಷಾಂಶ 13 ಡಿಗ್ರಿಯ ಸಮೀಪದಲ್ಲಿದೆ. ಏಪ್ರಿಲ್ ಕೊನೆಯ ವಾರದಲ್ಲೊಮ್ಮೆ, ಆಗಸ್ಟ್ ನಡುಭಾಗದಲ್ಲೊಮ್ಮೆ ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೆ ಬಂದು ನೇರ ನಿಂತ ವಸ್ತುಗಳ ನೆರಳು ಇಲ್ಲವಾಗುತ್ತದೆ. ನೆರಳಿಲ್ಲದ ಬೆಳಕಿನಲ್ಲಿ ಮರ, ಕಟ್ಟಡ, ಏರಿಗಳು ಚಪ್ಪಟೆಯಾಗಿ ಕಾಣುವುದರಿಂದ ಹೊರಾಂಗಣದಲ್ಲಿ ಬರೆಯುವವರು ಬೆಳಗಿನ ಒಂಬತ್ತರ ಒಳಗೆ ಅಥವಾ ಸಂಜೆ ನಾಲ್ಕರ ನಂತರ ಕೂರುವುದು ರೂಢಿ. ಇಲ್ಲಿನ ಮುಸ್ಸಂಜೆಯೂ ಚಿಕ್ಕದು: ಸೂರ್ಯ ಮುಳುಗಿದ ಮೇಲೆ ಕೆಲಸಕ್ಕೆ ಸಾಲುವಷ್ಟು ಬೆಳಕು ಉಳಿಯುವುದು 20ರಿಂದ 25 ನಿಮಿಷ. ಲಂಡನ್ನಿನ ಬೇಸಿಗೆಯಲ್ಲಿ ಅದು ಸುಮಾರು ಎರಡು ಪಟ್ಟು. ಐರೋಪ್ಯ ಮಾದರಿಯ ನಿಧಾನವಾದ ಸಂಜೆಯ ಚಿತ್ರಣ ಬೆಂಗಳೂರಿನ ಕೆರೆಗೆ ಹೊಂದದಿರುವುದಕ್ಕೆ ಇದೇ ಕಾರಣ. ಇಲ್ಲಿ ಬರೆಯುವವರು ಬಾನು ಮತ್ತು ನೀರಿನ ಛಾಯೆಗಳನ್ನು ಮೊದಲು ಹಿಡಿದಿಟ್ಟುಕೊಂಡು, ಮರ-ಕಟ್ಟಡಗಳ ವಿವರವನ್ನು ಆಮೇಲೆ ತುಂಬುತ್ತಾರೆ.

ಬೆಳಕು ಇಳಿದಂತೆ ಕಣ್ಣಿಗೆ ಕೆಂಪು ಬೇಗ ಕಪ್ಪಾಗಿ, ನೀಲಿ ಹೆಚ್ಚು ಹೊತ್ತು ಬೆಳಗುತ್ತದೆ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಇದನ್ನು ವಿವರಿಸಿದ ಪುರ್ಕಿಂಜೆಯ ಹೆಸರಿನಲ್ಲೇ ಈ ಪರಿಣಾಮವನ್ನು ಗುರುತಿಸುತ್ತಾರೆ. ಕೆರೆದಂಡೆಯ ಗುಲ್‌ಮೊಹರ್ ಹೂ ಸಂಜೆ ಮಸುಕಾಗುವಾಗ ಜಕರಂಡದ ನೇರಳೆ ಹೊಳೆಯುವುದು ಇದರಿಂದಲೇ. ಮುಸ್ಸಂಜೆಯ ಚಿತ್ರದಲ್ಲಿ ಕೆಂಪನ್ನು ಹಗಲಿನಷ್ಟೇ ಗಾಢವಾಗಿ ಇಟ್ಟರೆ ಹೊತ್ತಿನ ಭಾವ ಕೆಡುತ್ತದೆ.

ನೀರು ಮತ್ತು ಪ್ರತಿಬಿಂಬ. ಕಾಲ ಬಳಿಯ ನೀರನ್ನು ನೇರ ಕೆಳಕ್ಕೆ ನೋಡಿದಾಗ ಬೆಳಕಿನ ಸಣ್ಣ ಪಾಲು ಮಾತ್ರ ಪ್ರತಿಫಲಿಸಿ, ನೀರಿನ ಸ್ವಂತ ಬಣ್ಣವಾದ ಹಸಿರು, ಕಂದು ಅಥವಾ ಕೆಸರು ಕಾಣುತ್ತದೆ. ನೋಟ ದೂರಕ್ಕೆ ಹೋದಂತೆ ಓರೆಯಾಗಿ, ನೀರು ಕನ್ನಡಿಯಾಗಿ ಬಾನನ್ನು ತೋರಿಸುತ್ತದೆ. ಏರಿಯ ಎತ್ತರದಿಂದ ಬರೆದ ಚಿತ್ರದಲ್ಲಿ ಈ ಎರಡೂ ವಲಯಗಳು ಒಟ್ಟಿಗೆ ಬರುತ್ತವೆ. ನೀರಿನ ಮಟ್ಟದಲ್ಲಿ ಕೂತು ಬರೆದದ್ದರಲ್ಲಿ ಬಹುತೇಕ ಬಾನೇ ತುಂಬುತ್ತದೆ. ಪ್ರತಿಬಿಂಬದಲ್ಲಿ ತಿಳಿಯಾದ ವಸ್ತು ಸ್ವಲ್ಪ ಗಾಢವಾಗಿಯೂ ಗಾಢವಾದದ್ದು ಸ್ವಲ್ಪ ತಿಳಿಯಾಗಿಯೂ ಕಾಣುತ್ತದೆ. ಸಣ್ಣ ಅಲೆಗಳಿದ್ದಾಗ ಎದುರು ದಂಡೆಯ ದೀಪದ ಪ್ರತಿಬಿಂಬ ನೋಡುವವರ ಕಡೆಗೆ ಉದ್ದವಾದ ಬೆಳಕಿನ ಪಟ್ಟಿಯಾಗಿ ಎಳೆದುಕೊಳ್ಳುತ್ತದೆ. ಇರುಳಿನ ನೀರದಂಡೆಯ ಚಿತ್ರಗಳ ಭಾವವೆಲ್ಲ ಬಹುಮಟ್ಟಿಗೆ ಈ ಪಟ್ಟಿಗಳ ಮೇಲೆ ನಿಂತಿದೆ. ಅವು ನೇರವಾಗಿದ್ದರೆ ನಿಶ್ಚಲತೆ, ಮುರಿದು ಚದುರಿದ್ದರೆ ಚಡಪಡಿಕೆ.

ಮಂಜು ಮತ್ತು ಮಳೆ. ಡಿಸೆಂಬರ್, ಜನವರಿಯ ಬೆಳಗಿನಲ್ಲಿ ನೆಲದ ಗಾಳಿ ನೀರಿಗಿಂತ ತಣ್ಣಗಾಗಿ ಕೆರೆಯ ಮೇಲಿಂದ ಆವಿ ಏಳುತ್ತದೆ. ಮಂಜಿನ ಹನಿಗಳು ಎಲ್ಲ ಬಣ್ಣದ ಬೆಳಕನ್ನೂ ಹೆಚ್ಚು ಕಡಿಮೆ ಸಮನಾಗಿ ಚದುರಿಸುವುದರಿಂದ ಹಿನ್ನೆಲೆ ಬೆಳ್ಳಗೆ, ಬೂದು ಬಣ್ಣಕ್ಕೆ ತಿರುಗುತ್ತದೆ. ಒಣ ಗಾಳಿಯ ದೂರ ಮಾತ್ರ ನೀಲಿ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಗೆ ಮುಂಚೆ ಬಾನು ಕಡುನೀಲಿಯಾಗಿ, ಎದುರು ದಂಡೆಯ ಮೇಲೆ ಮಾತ್ರ ಬಿಸಿಲು ಉಳಿದಾಗ ನೆಲ ಬಾನಿಗಿಂತ ಬೆಳ್ಳಗೆ ಕಾಣುವ ಅಪರೂಪದ ಸ್ಥಿತಿ ಒದಗುತ್ತದೆ. ರೂಢಿಯ ಛಾಯಾಕ್ರಮವನ್ನು ತಲೆಕೆಳಗು ಮಾಡುವುದರಿಂದಲೇ ಈ ಕ್ಷಣದ ಚಿತ್ರಗಳು ಅಷ್ಟು ಕಳವಳದಿಂದ ತುಂಬಿರುತ್ತವೆ.

ದಿಗಂತ ಮತ್ತು ಮನುಷ್ಯಾಕೃತಿ. ದಿಗಂತ ಕೆಳಗಿದ್ದರೆ ಬಾನು ದೊಡ್ಡದಾಗಿ ಬಿಡುವು ಅನಿಸುತ್ತದೆ, ಮೇಲಿದ್ದರೆ ನೀರು ಕವಿದುಕೊಳ್ಳುತ್ತದೆ. ಕೆರೆದಂಡೆಯಲ್ಲಿ ಒಬ್ಬನೇ ವ್ಯಕ್ತಿ ಇದ್ದರೆ ಕಣ್ಣು ಅಲ್ಲೇ ನಿಂತು ಏಕಾಂತ ಮೂಡುತ್ತದೆ. ಬಟ್ಟೆ ಒಗೆಯುವವರ ಸಾಲು ಇದ್ದರೆ ಅದೇ ನೀರು ದಿನದ ಕೆಲಸದ ಜಾಗವಾಗುತ್ತದೆ.

ಕರ್ನಾಟಕದಲ್ಲಿ ಬೆಳವಣಿಗೆ

ಸಾಂಪ್ರದಾಯಿಕ ಮೈಸೂರು ಚಿತ್ರಕಲೆಯಲ್ಲಿ ಚಿನ್ನದ ಹಾಳೆ ಮತ್ತು ಉಬ್ಬುಕೆಲಸ ಮುಖ್ಯ. ಅಲ್ಲಿನ ನೀರು ಹೊತ್ತಿಗೆ ಒಳಪಟ್ಟದ್ದಲ್ಲ. 1784ರಲ್ಲಿ ಶ್ರೀರಂಗಪಟ್ಟಣದ ಕಾವೇರಿ ದಂಡೆಯಲ್ಲಿ ಟಿಪ್ಪು ಸುಲ್ತಾನ್ ಕಟ್ಟಿಸಿದ ದರಿಯಾ ದೌಲತ್ ಅರಮನೆ ಹೊಳೆಯ ಎದುರಿಗೇ ಇದ್ದರೂ, ಅದರ ಗೋಡೆಯ ಚಿತ್ರಗಳು ಪೊಳ್ಳಿಲೂರು ಯುದ್ಧ ಮತ್ತು ಆಸ್ಥಾನಗಳವು.

ಮೂರನೆಯ ಮೈಸೂರು ಯುದ್ಧದ ಜೊತೆಗೆ ಬಂದ ಬ್ರಿಟಿಷ್ ಚಿತ್ರಕಾರರು ಬೆಂಗಳೂರು ಸೀಮೆಯ ದೃಶ್ಯಗಳನ್ನು ಐರೋಪ್ಯ ಕ್ರಮದಲ್ಲಿ ಮೊದಲಿಗೆ ದಾಖಲಿಸಿದರು. ರಾಬರ್ಟ್ ಹೋಮ್‌ನ ಮೈಸೂರು ದೃಶ್ಯಗಳ ಸಂಪುಟ 1794ರಲ್ಲಿ, ಜೇಮ್ಸ್ ಹಂಟರ್‌ನ ಚಿತ್ರಗಳು ಅವನ ಮರಣಾನಂತರ 1804–05ರಲ್ಲಿ ಲಂಡನ್ನಿನಲ್ಲಿ ಅಚ್ಚಾದವು. ಕೋಟೆ, ದುರ್ಗ, ಬಾಗಿಲುಗಳೇ ಇವುಗಳಲ್ಲಿ ಪ್ರಧಾನ. ಮೋಡ ಮತ್ತು ಬೆಳಕು ಇಂಗ್ಲೆಂಡಿನ ‘ಪಿಕ್ಚರೆಸ್ಕ್’ ರೂಢಿಯಿಂದ ಬಂದವು, ಹಾಗಾಗಿ ವಾತಾವರಣಕ್ಕೆ ಇವು ನಂಬಲರ್ಹ ಸಾಕ್ಷಿಯಲ್ಲ.

ನಿಜವಾದ ತಿರುವು ಕೆ. ವೆಂಕಟಪ್ಪ (1886–1965) ಅವರಿಂದ. ಮೈಸೂರಿನ ಚಿತ್ರಗಾರರ ಮನೆತನದಲ್ಲಿ ಹುಟ್ಟಿದ ಅವರು ನಾಲ್ವಡಿ ಕೃಷ್ಣರಾಜ ಒಡೆಯರ ನೆರವಿನಿಂದ ಕಲ್ಕತ್ತದ ಸರ್ಕಾರಿ ಕಲಾಶಾಲೆಗೆ ಹೋಗಿ ಅವನೀಂದ್ರನಾಥರ ಬಳಿ ಕಲಿತರು. 1920 ಮತ್ತು 30ರ ದಶಕಗಳಲ್ಲಿ ಊಟಿ ಮತ್ತು ಕೊಡೈಕನಾಲ್‌ಗಳಲ್ಲಿ ಅವರು ಬರೆದ ಜಲವರ್ಣಗಳಲ್ಲಿ ಮಂಜು, ಬೆಳದಿಂಗಳು, ಒಡೆಯುವ ಮುಂಗಾರು ಮೋಡ ಮೊದಲಾದವೇ ವಸ್ತು. ಊಟಿಯ ಕೆರೆ 1820ರ ದಶಕದಲ್ಲಿ ಜಾನ್ ಸಲಿವನ್ ಕಟ್ಟಿಸಿದ್ದು, ಕೊಡೈಕನಾಲ್‌ನದು 1863ರದು. ಎರಡೂ ಬೆಂಗಳೂರಿನ ಕೆರೆಗಳಂತೆ ಅಡ್ಡಗಟ್ಟೆಯಿಂದ ಆದ ನೀರು. ವೆಂಕಟಪ್ಪನವರು ಗುರುವಿನ ವಾಶ್ ಕ್ರಮವನ್ನು ಹಾಗೆಯೇ ಮುಂದುವರಿಸಲಿಲ್ಲ. ಬಣ್ಣದ ತೆಳುಪದರಗಳನ್ನು ಒಂದರ ಮೇಲೊಂದು ಅತಿ ಸೂಕ್ಷ್ಮವಾಗಿ ಹಾಕಿ, ಮಬ್ಬಿನ ಒಳಗೂ ಪ್ರತಿ ಮರ, ಪ್ರತಿ ಇಳಿಜಾರು ಖಚಿತವಾಗಿ ನಿಲ್ಲುವಂತೆ ಮಾಡಿದರು. ಅಸ್ಪಷ್ಟತೆಯಿಲ್ಲದೆ ವಾತಾವರಣವನ್ನು ಸಾಧಿಸಿದ್ದು ಕರ್ನಾಟಕದ ಚಿತ್ರಕಲೆಗೆ ಅವರ ಬಹುದೊಡ್ಡ ಕೊಡುಗೆ. ಬೆಂಗಳೂರಿನ ಕಸ್ತೂರಬಾ ರಸ್ತೆಯ ವೆಂಕಟಪ್ಪ ಚಿತ್ರಶಾಲೆಯಲ್ಲಿ ಅವರ ಕೃತಿಗಳಿವೆ.

ರುಮಾಲೆ ಚನ್ನಬಸವಯ್ಯ (1910–1988) ಇನ್ನೊಂದು ತುದಿ. ದೊಡ್ಡಬಳ್ಳಾಪುರದವರಾದ ಇವರು ಸ್ವಾತಂತ್ರ್ಯ ಹೋರಾಟಗಾರರು, ‘ತಾಯಿನಾಡು’ ಪತ್ರಿಕೆಯ ಸಂಪಾದಕರು. ಸಾರ್ವಜನಿಕ ಜೀವನದ ದಶಕಗಳ ನಂತರ ಪೂರ್ಣವಾಗಿ ಚಿತ್ರಕ್ಕೆ ಮರಳಿ ಬೆಂಗಳೂರಿನ ಹೂಮರಗಳು, ಉದ್ಯಾನಗಳು, ನೀರಿನ ನೋಟಗಳನ್ನು ಸ್ಥಳದಲ್ಲೇ ಕೂತು ಬರೆದರು. ಅವರ ತೈಲವರ್ಣಗಳಲ್ಲಿ ಕುಂಚದ ಹೊಡೆತ ಎದ್ದು ಕಾಣುತ್ತದೆ. ಗಾಳಿ ಮಬ್ಬಾಗಿ ಬರುವುದಿಲ್ಲ. ಎಲೆ, ಹೂ, ನೀರು, ಬಾನು ಎಲ್ಲದರಲ್ಲೂ ಒಂದೇ ಮಿಡಿತವಾಗಿ ಬರುತ್ತದೆ. ಉದ್ಯಾನತಜ್ಞ ಗುಸ್ತಾವ್ ಕ್ರುಂಬಿಗಲ್ (1865–1956) ಒಂದಾದ ಮೇಲೊಂದು ಹೂಬಿಡುವಂತೆ ಮರಗಳನ್ನು ಆಯ್ದು ನೆಡಿಸಿದ ನಗರವನ್ನು ಅದರ ಹೂಗಾಲಗಳಲ್ಲೇ ಬರೆದವರು ರುಮಾಲೆ. ಆ ಬೆಂಗಳೂರಿನ ಬಣ್ಣದ ದಾಖಲೆಯಾಗಿ ಅವರ ಕೃತಿಗಳಿಗೆ ಸಾಟಿಯಿಲ್ಲ.

ಕರಾವಳಿಯ ಪರಂಪರೆ ಬೇರೆ. ಉಡುಪಿ ಬಳಿಯ ಕಟ್ಟಿಂಗೇರಿಯಲ್ಲಿ ಹುಟ್ಟಿ ಮುಂಬಯಿಯಲ್ಲಿ ನೆಲೆಸಿದ ಕೆ.ಕೆ. ಹೆಬ್ಬಾರ್ (1911–1996) ಅವರಲ್ಲಿ ಭಾವ ಮಂಜಿನಿಂದ ಬರುವುದಲ್ಲ, ಲಯವುಳ್ಳ ರೇಖೆಯಿಂದ. ನೇತ್ರಾವತಿ, ಫಲ್ಗುಣಿ ನದಿಗಳು ಕಡಲು ಸೇರುವ ಮಂಗಳೂರಿನ ಧಕ್ಕೆಯಂಥ ಜಾಗಗಳಲ್ಲಿ ದೋಣಿ, ಬಲೆ, ತೇವದ ಹೊಳಪು ಇವುಗಳೇ ವಾತಾವರಣ. ಒಳನಾಡಿನ ನೀರದಂಡೆಗಳಲ್ಲಿ ಕೆಂಪು ಬಂಡೆಗಳ ನಡುವಿನ ಬಾದಾಮಿಯ ಅಗಸ್ತ್ಯ ತೀರ್ಥ ಚಿತ್ರಕಾರರನ್ನು ಬಹಳವಾಗಿ ಸೆಳೆದಿದೆ. ನಗರದ ಒಂಟಿತನವನ್ನೇ ಬೂದು, ಕಂದು ಛಾಯೆಗಳಲ್ಲಿ ಬರೆದ ಯೂಸುಫ್ ಅರಕ್ಕಲ್ (1945–2016) ನೀರನ್ನು ವಸ್ತುವಾಗಿ ಆರಿಸಿಕೊಂಡವರಲ್ಲವಾದರೂ, ಬೆಂಗಳೂರಿನ ಭಾವವನ್ನು ಉದ್ಯಾನದಿಂದ ಬೀದಿಗೆ ತಿರುಗಿಸಿದವರಲ್ಲಿ ಪ್ರಮುಖರು.

ಬಗೆಗಳು

ಭಾವದ ದೃಷ್ಟಿಯಿಂದ ನಗರದ ಕೆರೆದಂಡೆಯ ಚಿತ್ರಗಳಲ್ಲಿ ಕೆಲವು ಬಗೆಗಳನ್ನು ಗುರುತಿಸಬಹುದು. ಶಾಂತದೃಶ್ಯದಲ್ಲಿ ಅಡ್ಡಗೆರೆಗಳು ಹೆಚ್ಚು, ಛಾಯೆಗಳ ಅಂತರ ಕಡಿಮೆ. ಬೆಳಗಿನ ಸ್ಯಾಂಕಿ ಕೆರೆ (1882) ಅಥವಾ ಲಾಲ್‌ಬಾಗ್ ಕೆರೆಯ ಜಲವರ್ಣಗಳು ಸಾಮಾನ್ಯವಾಗಿ ಈ ಬಗೆಯವು. ಉತ್ಸವದೃಶ್ಯದಲ್ಲಿ ಗಣೇಶ ವಿಸರ್ಜನೆ, ತೆಪ್ಪೋತ್ಸವಗಳ ದೀಪ ಮತ್ತು ಜನಸಂದಣಿ ನೀರಿನಲ್ಲಿ ಇಮ್ಮಡಿಯಾಗುತ್ತವೆ. ದ್ವೀಪಗಳುಳ್ಳ ಹಲಸೂರು ಕೆರೆ ಇದಕ್ಕೆ ಒದಗುವ ಸ್ಥಳ. ದುಡಿಮೆಯ ದೃಶ್ಯದಲ್ಲಿ ಮೀನು ಹಿಡಿಯುವವರು, ಅಗಸರು, ಹುಲ್ಲು ಕೊಯ್ಯುವವರು ಮುನ್ನೆಲೆಯಲ್ಲಿರುತ್ತಾರೆ. ಸ್ಮರಣದೃಶ್ಯವು ಇಲ್ಲವಾದ ಕೆರೆಯನ್ನು ಕಲ್ಪಿಸಿ ಬರೆಯುವುದು. ಮೆಜೆಸ್ಟಿಕ್ ಬಸ್ ನಿಲ್ದಾಣವಾದ ಧರ್ಮಾಂಬುಧಿ ಕೆರೆ ಇದಕ್ಕೆ ಒಗ್ಗುವ ವಸ್ತು.

ಇತ್ತೀಚಿನ ಮತ್ತು ಗಂಭೀರವಾದ ಬಗೆ ಆತಂಕದೃಶ್ಯ. ಸುಮಾರು 900 ಎಕರೆಯ ಬೆಳ್ಳಂದೂರು ಕೆರೆಯಲ್ಲಿ 2015, 2017 ಮತ್ತು 2018ರಲ್ಲಿ ಬೆಂಕಿ ಕಾಣಿಸಿಕೊಂಡಿತು. ಶುದ್ಧಿಯಾಗದ ಕೊಳಚೆ ಮತ್ತು ಮಾರ್ಜಕಗಳಿಂದ ಎದ್ದ ನೊರೆ ಕೋಡಿಯನ್ನು ದಾಟಿ ರಸ್ತೆಗೆ ಬಂತು. ಬಿಳಿಯ ನೊರೆ ಚಿತ್ರದಲ್ಲಿ ದೂರದಿಂದ ಮಂಜಿನಂತೆಯೋ ಹೂವಿನಂತೆಯೋ ಕಾಣುತ್ತದೆ. ಶಾಂತದ ಗುರುತುಗಳನ್ನೇ ಹೊತ್ತ ವಿಷದ ಚಿತ್ರಣ ಇದಾದ್ದರಿಂದ, ಚೆಲುವಾಗಿ ಕಾಣದಂತೆ ಇದನ್ನು ಬರೆಯುವುದು ಕಲಾವಿದರ ಮುಂದಿರುವ ನಿಜವಾದ ಕಷ್ಟ. ನೊರೆಯ ಪಕ್ಕ ಗಟ್ಟಿ ಅಂಚಿನ ವಸ್ತುಗಳನ್ನು, ಅಂದರೆ ಬೇಲಿ, ಕೊಳವೆ, ವಾಹನಗಳನ್ನು ಇಟ್ಟು ಅದರ ಮೃದುತ್ವವನ್ನು ಮುರಿಯುವುದು ಒಂದು ಪರಿಹಾರ.

ಮಾಧ್ಯಮ

ಕೆರೆಯ ವಾತಾವರಣಕ್ಕೆ ಜಲವರ್ಣವೇ ಹೆಚ್ಚು ಬಳಕೆಯದು. ಒದ್ದೆ ಕಾಗದದ ಮೇಲೆ ಬಣ್ಣ ಬಿಟ್ಟು ಹರಡಿಸಿದರೆ ಮಂಜು ಮತ್ತು ಮೋಡ ಬರುತ್ತವೆ, ಒಣ ಕುಂಚವನ್ನು ಅಡ್ಡಲಾಗಿ ಎಳೆದರೆ ನೀರಿನ ಮಿನುಗು ಬರುತ್ತದೆ. ಬೇಸಿಗೆಯ ಒಣ ಗಾಳಿಯಲ್ಲಿ ಕಾಗದ ಬೇಗ ಆರುವುದರಿಂದ ಬೆಂಗಳೂರಿನಲ್ಲಿ ಮೊದಲನೆಯ ಕ್ರಮ ಮಳೆಗಾಲ, ಚಳಿಗಾಲಗಳಲ್ಲಿ ಸುಲಭ. ತೈಲವರ್ಣ ನಿಧಾನವಾಗಿ ಒಣಗುವುದರಿಂದ ಅಂಚುಗಳನ್ನು ಕರಗಿಸಲು ಅವಕಾಶ ಕೊಡುತ್ತದೆ. ಬೇಗ ಒಣಗುವ ಅಕ್ರಿಲಿಕ್ ಗಾಜಿನ ಕಟ್ಟಡಗಳ ಗಡುಸು ಪ್ರತಿಬಿಂಬಕ್ಕೆ ಹೊಂದುತ್ತದೆ.

ಉಪಯೋಗ

ಇಂಥ ಚಿತ್ರಗಳು ಕಲಾಶಿಕ್ಷಣದಲ್ಲಿ ಛಾಯೆ ಮತ್ತು ಪರಿಪ್ರೇಕ್ಷ್ಯ ಕಲಿಸಲು ಮೊದಲ ಪಾಠಗಳಾಗಿವೆ. ಪರಿಸರದ ಚರಿತ್ರೆಗೂ ಅವು ಆಕರ. ಟರ್ನರ್ ಮತ್ತು ಮೊನೆಯ ಸುಮಾರು ನೂರು ಚಿತ್ರಗಳ ಮಬ್ಬನ್ನು ಅಳೆದ, 2023ರಲ್ಲಿ ಪ್ರಕಟವಾದ ಅಧ್ಯಯನವೊಂದು, ಲಂಡನ್ ಮತ್ತು ಪ್ಯಾರಿಸ್‌ಗಳ ವಾಯುಮಾಲಿನ್ಯ ಹೆಚ್ಚಿದಂತೆ ಆ ಚಿತ್ರಗಳ ಅಂಚುಗಳೂ ಮಾಸಿದ್ದನ್ನು ತೋರಿಸಿತು. ಬೆಂಗಳೂರಿನ ಕೆರೆಯ ಚಿತ್ರಗಳಲ್ಲಿ ಅದೇ ರೀತಿ ನೀರಿನ ಮಟ್ಟ, ಜೊಂಡಿನ ಹರವು, ಎದುರು ದಂಡೆಯ ಕಟ್ಟಡಗಳ ಎತ್ತರ ಇವನ್ನು ಓದಬಹುದು. ಆದರೆ ಚಿತ್ರಕಾರ ಭಾವಕ್ಕಾಗಿ ಮರವನ್ನು ಸರಿಸಿರಬಹುದು, ಕಟ್ಟಡವನ್ನು ಬಿಟ್ಟಿರಬಹುದು. ಅಳತೆಯ ದಾಖಲೆಯಾಗಿ ಬಳಸುವಾಗ ನಕ್ಷೆ, ಛಾಯಾಚಿತ್ರಗಳ ಜೊತೆ ಹೋಲಿಸುವುದು ಅಗತ್ಯ.

ಇಂದಿನ ಸ್ಥಿತಿ

ಬೊಮ್ಮನಹಳ್ಳಿ 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಗೆ ಸೇರಿತು. ಹೊಸೂರು ರಸ್ತೆಯ ಮೇಲ್ಸೇತುವೆ 2010ರಲ್ಲಿ, ಮೆಟ್ರೋದ ಹಳದಿ ಮಾರ್ಗ 2025ರಲ್ಲಿ ಸಂಚಾರಕ್ಕೆ ತೆರೆದವು. ಸಿದ್ಧ ಉಡುಪಿನ ಕಾರ್ಖಾನೆಗಳು, ತಂತ್ರಜ್ಞಾನ ಕಚೇರಿಗಳು, ಬಹುಮಹಡಿ ವಸತಿಗಳ ನಡುವೆ ಉಳಿದ ಕೆರೆಗಳ ದಿಗಂತ ಈಗ ತೆಂಗಿನ ಸಾಲಿನದಲ್ಲ, ಕಾಂಕ್ರೀಟಿನದು. ಚಿತ್ರದ ದೃಷ್ಟಿಯಿಂದ ಇದರ ಪರಿಣಾಮ ನಿರ್ದಿಷ್ಟವಾಗಿದೆ. ಎದುರು ದಂಡೆಯ ಲಂಬಗೆರೆಗಳು ಪ್ರತಿಬಿಂಬದಲ್ಲಿ ಇಮ್ಮಡಿಯಾಗಿ ಅಡ್ಡಗೆರೆಯ ನೆಮ್ಮದಿಯನ್ನು ಕಡಿಯುತ್ತವೆ. ಹಳದಿ ಬೀದಿದೀಪಗಳ ಜಾಗಕ್ಕೆ ಬಂದ ಬಿಳಿ ಎಲ್‌ಇಡಿ ಬೆಳಕು ಇರುಳಿನ ಬೆಚ್ಚನೆಯ ಛಾಯೆಯನ್ನು ತಣ್ಣಗಾಗಿಸಿದೆ. ಅಂತರಗಂಗೆ ಕಳೆ ಮುಚ್ಚಿದ ಕಡೆ ಪ್ರತಿಬಿಂಬವೇ ಇಲ್ಲವಾಗಿ ನೀರು ಹುಲ್ಲುಗಾವಲಂತೆ ಕಾಣುತ್ತದೆ. ಪುನಶ್ಚೇತನಗೊಂಡ ಕೆರೆಗಳಲ್ಲಿ ನಡಿಗೆಯ ಹಾದಿ, ತಂತಿಬೇಲಿಗಳು ಏರಿಯ ಮಣ್ಣಿನ ಅಂಚನ್ನು ಮರೆಮಾಡಿವೆ. ಹೀಗಿದ್ದೂ ಮಡಿವಾಳ ಕೆರೆಯಲ್ಲಿ ಹೆಜ್ಜಾರ್ಲೆ, ನೀರುಕಾಗೆಗಳು ಇನ್ನೂ ಕಾಣುತ್ತವೆ, ಹಕ್ಕಿಗಳಿಗಾಗಿಯೇ ಅಲ್ಲಿಗೆ ಬರುವ ಚಿತ್ರಕಾರರಿದ್ದಾರೆ.

ಕೆರೆಯ ಅಪಾಯದ ಮುಖವೂ ಈಗ ವಸ್ತುವಾಗುತ್ತಿದೆ. 2019ರ ನವೆಂಬರಿನಲ್ಲಿ ಹುಳಿಮಾವು ಕೆರೆಯ ಏರಿ ಒಡೆದು ನೂರಾರು ಮನೆಗಳಿಗೆ ನೀರು ನುಗ್ಗಿತು. ಮಳೆಗಾಲದಲ್ಲಿ ರಾಜಕಾಲುವೆಯ ಜಾಗದ ಬಡಾವಣೆಗಳು ಮುಳುಗಿದಾಗ ಬೀದಿಯೇ ನೀರದಂಡೆಯಾಗುವುದನ್ನು ಬರೆಯಲು ಹಳೆಯ ಶಾಂತದೃಶ್ಯದ ಕ್ರಮ ಸಾಲುವುದಿಲ್ಲ. ಇಲ್ಲಿ ದಿಗಂತವನ್ನು ತೆಗೆದುಹಾಕಿ, ನೀರನ್ನು ಚಿತ್ರದ ಅಂಚಿನವರೆಗೂ ತುಂಬಿಸುವ ರಚನೆಯೇ ಹೆಚ್ಚು ತಕ್ಕದ್ದು.

ಈ ಚಿತ್ರಗಳಿಗೆ ಪ್ರದರ್ಶನ ಮತ್ತು ಸಂಗ್ರಹದ ನೆಲೆಗಳು ಹಲವಿವೆ. 1960ರಲ್ಲಿ ಆರಂಭವಾದ ಕರ್ನಾಟಕ ಚಿತ್ರಕಲಾ ಪರಿಷತ್ತು 2004ರಿಂದ ಕುಮಾರಕೃಪಾ ರಸ್ತೆಯಲ್ಲಿ ಚಿತ್ರಸಂತೆ ನಡೆಸುತ್ತಿದ್ದು, ಕೆರೆ ಮತ್ತು ಹಳೆಯ ಬೆಂಗಳೂರಿನ ದೃಶ್ಯಗಳು ಅಲ್ಲಿ ಸಾಮಾನ್ಯ ನೋಟ. ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯದ ಬೆಂಗಳೂರು ಶಾಖೆ 2009ರಲ್ಲಿ ಅರಮನೆ ರಸ್ತೆಯ ಮಾಣಿಕ್ಯವೇಲು ಮಹಲಿನಲ್ಲಿ, ಕಲೆ ಮತ್ತು ಛಾಯಾಗ್ರಹಣದ ಮ್ಯಾಪ್ ಸಂಗ್ರಹಾಲಯ 2023ರಲ್ಲಿ ಕಸ್ತೂರಬಾ ರಸ್ತೆಯಲ್ಲಿ ಬಾಗಿಲು ತೆರೆದವು. 2007ರಲ್ಲಿ ಸಿಯಾಟಲ್‌ನಲ್ಲಿ ಆರಂಭವಾದ ‘ಅರ್ಬನ್ ಸ್ಕೆಚರ್ಸ್’ ಚಳವಳಿಯ ಮಾದರಿಯಲ್ಲಿ ವಾರಾಂತ್ಯಕ್ಕೆ ಒಂದೆಡೆ ಸೇರಿ ಸ್ಥಳದಲ್ಲೇ ಬರೆಯುವ ಗುಂಪುಗಳು ಬೆಂಗಳೂರಿನಲ್ಲೂ ಇವೆ. ಚಿತ್ರದ ಮೂಲೆಯಲ್ಲಿ ಸ್ಥಳ, ದಿನಾಂಕ, ಹೊತ್ತು ಬರೆಯುವ ಇವರ ಪದ್ಧತಿಯಿಂದ ನಗರದ ಕೆರೆಗಳ ಬೆಳಕು ಮತ್ತು ನೀರಿನ ಸ್ಥಿತಿಯ ಬಗ್ಗೆ ಹಿಂದಿನ ಯಾವ ಕಾಲದಲ್ಲೂ ಇಲ್ಲದಷ್ಟು ದಟ್ಟವಾದ ದಾಖಲೆ ಸೇರುತ್ತಿದೆ. ಹೆಚ್ಚಿನದು ಖಾಸಗಿ ಪುಸ್ತಕಗಳಲ್ಲೇ ಉಳಿದಿದ್ದು, ಅದನ್ನು ಕೆರೆವಾರು ವಿಂಗಡಿಸಿ ಸಂಗ್ರಹಿಸುವ ಕೆಲಸ ಆಗಬೇಕಾಗಿದೆ.